ಅಜ್ಜಿಯ ಕಾಲಿಗೆ ಜಾಗ

ಏಳು ಜನ ಕೂತರೆ ನಮ್ಮ ಕಾರಿನ ಡಿಕ್ಕಿಯಲ್ಲಿ ಉಳಿಯುವುದು ಒಂದು ಗೇಣು ಜಾಗ. ನಿಮ್ಮಲ್ಲೂ ಇದೇ ಕಥೆಯಾ? ಬ್ಯಾಗೆಲ್ಲ ಬಂದು ಸೇರುವುದು ಅಜ್ಜಿಯ ಕಾಲಡಿಗೆ. ಮೂಡುಬಿದಿರೆಯಿಂದ ಹೊರಟು ವೇಣೂರು, ಗುರುವಾಯನಕೆರೆ ಕಳೆದು ಬೆಳ್ತಂಗಡಿ ಮುಟ್ಟುವಾಗಲೇ ಅವರ ಮೊಣಕಾಲು ಊದಿರ್ತಿತ್ತು. "ನೀವು ಹೋಗಿ ಬನ್ನಿ, ನಾನು ಬರುದಿಲ್ಲ" ಅಂತ ಅವರು ಹೇಳ್ಲಿಕ್ಕೆ ಶುರು ಮಾಡಿದ ಮೇಲೆ, ಕಾರಿನ ಮೇಲೆ ಕಟ್ಟುವ ಈ ಮೆತ್ತಗಿನ ದೊಡ್ಡ ಬ್ಯಾಗ್ ತಂದದ್ದು.

ಬಟ್ಟೆ, ಚಾದರ ಮಾತ್ರ ಮೇಲೆ. ತೆಂಗಿನಕಾಯಿ, ಕುಚ್ಚಲಕ್ಕಿ ಡಿಕ್ಕಿಗೇ ಹೋಗಲಿ ಮಾರಾಯ್ರೇ; ಮೇಲೆ ಭಾರ ಹೆಚ್ಚಾದರೆ ಚಾರ್ಮಾಡಿ ತಿರುವುಗಳಲ್ಲಿ ಕಾರು ವಾಲುವುದು ಹೊಟ್ಟೆಗೇ ಗೊತ್ತಾಗ್ತದೆ. ರೂಫ್ ಮೇಲೆ ಎಷ್ಟು ಕಿಲೋ ಇಡಬಹುದು ಅಂತ ಕಾರಿನ ಮ್ಯಾನುವಲ್‌ನಲ್ಲಿ ನೋಡಿ. ಕ್ಯಾರಿಯರ್‌ನ ತೂಕವೂ ಅದರಲ್ಲೇ ಲೆಕ್ಕ (ಬಿಕಾಂನವಳು, ಬಿಡುದಿಲ್ಲ).

"ವಾಟರ್‌ಪ್ರೂಫ್" ಅಂತ ಲೇಬಲ್ ಬರೆದವರು ನಮ್ಮ ಜುಲೈ ಮಳೆ ನೋಡಿಲ್ಲ. ನೀರು ಇಳಿಯುವುದು ಜಿಪ್ಪಿನಿಂದ, ಹೊಲಿಗೆಯಿಂದ. ಹಾಗಾಗಿ ಒಳಗಿನದ್ದೆಲ್ಲ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಯೇ ಇಡಿ. ಬೆಲ್ಟನ್ನು ಒಂದು ಸುತ್ತು ತಿರುಚಿ ಬಿಗಿದರೆ ಗಾಳಿಗೆ ಗುಂಯ್‌ಗುಡುವುದು ಕಡಿಮೆ. ಸ್ವಲ್ಪ ದೂರ ಹೋಗಿ ಇಳಿದು ಇನ್ನೊಮ್ಮೆ ಎಳೆದು ನೋಡಿ. ನಾವು ವೇಣೂರಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನೋಡ್ತೇವೆ.

ಈ ರಜೆಗೆ ಬೇಲೂರು. ಕಿಟಕಿ ಬದಿಯ ಸೀಟನ್ನು ಅಜ್ಜಿ ಈಗಲೇ ನನ್ನಿಂದ ಕಸಿದುಕೊಂಡಿದ್ದಾರೆ.