ಕಲ್ಲಿದ್ದಲ ಗಾಡಿಯ ಸದ್ದು

1995ರ ಚಳಿಗಾಲದಲ್ಲಿ ನಾನು ಇಂಗ್ಲೆಂಡಿನ ಯಾರ್ಕ್‌ಶೈರಿನ ನಾಟಿಂಗ್ಲಿ ಎಂಬ ಸಣ್ಣ ಊರಿಗೆ ಹೋಗಿ ಇಳಿದೆ. ಹತ್ತಿರದ ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯನ ಕೆಲಸ. ಬಾಡಿಗೆ ಕಡಿಮೆ ಎಂದು ಹಿಡಿದ ಮನೆ ರೈಲು ಹಳಿಯ ಪಕ್ಕದಲ್ಲೇ ಇತ್ತು. ಮೊದಲ ರಾತ್ರಿಯೇ ಕಿಟಕಿಯ ಗಾಜು ಗಡಗಡ ನಡುಗಿ ಎಚ್ಚರವಾಯಿತು. ಬೆಳಿಗ್ಗೆ ಪಕ್ಕದ ಮನೆಯ ಹಿರಿಯರನ್ನು ಕೇಳಿದೆ. "ಓ, ಅದಾ? ಎಂಜಿಆರ್" ಅಂದರು. ಹುಬ್ಬಳ್ಳಿಯಲ್ಲಿ ಬೆಳೆದ ನನಗೆ ಎಂಜಿಆರ್ ಎಂದರೆ ಬಿಳಿ ಟೋಪಿ, ಕಪ್ಪು ಕನ್ನಡಕದ ತಮಿಳು ನಟ ಒಬ್ಬರೇ. ನಗು ತಡೆಯಲಾಗಲಿಲ್ಲ. ಯಾಕೆ ನಕ್ಕೆ ಎಂದು ವಿವರಿಸಿ ಮುಗಿಸುವಷ್ಟರಲ್ಲಿ ನಮಗಿಬ್ಬರಿಗೂ ಸ್ನೇಹವಾಗಿತ್ತು.

ಅವರು ನಿವೃತ್ತ ಎಂಜಿನ್ ಚಾಲಕರು. ಹದಿನೈದನೆಯ ವಯಸ್ಸಿಗೆ ಉಗಿಬಂಡಿಗಳನ್ನು ಒರೆಸುವ ಹುಡುಗನಾಗಿ ಸೇರಿ, ಬೆಂಕಿಗೆ ಕಲ್ಲಿದ್ದಲು ಎಸೆಯುತ್ತ ಬೆಳೆದು, ಡೀಸೆಲ್ ಎಂಜಿನ್ ಓಡಿಸುವವರೆಗೆ ಬಂದವರು. ಎಂಜಿಆರ್ ಅಂದರೆ ಮೆರ್ರಿ ಗೋ ರೌಂಡ್, ಜಾತ್ರೆಯಲ್ಲಿ ಮಕ್ಕಳನ್ನು ಕೂರಿಸಿ ತಿರುಗಿಸುವ ಕುದುರೆಗಳ ಚಕ್ರ. 1960ರ ದಶಕದಲ್ಲಿ ಬ್ರಿಟಿಷ್ ರೈಲು ಶುರುಮಾಡಿದ ಪದ್ಧತಿ ಇದು. ಗಣಿಯಿಂದ ವಿದ್ಯುತ್ ಸ್ಥಾವರಕ್ಕೆ ಹೋದ ಗಾಡಿ ಅಲ್ಲಿ ಬಳೆಯಂಥ ಹಳಿಯ ಮೇಲೆ ಸುತ್ತು ಹಾಕುತ್ತದೆ. ಎಲ್ಲೂ ನಿಲ್ಲದೆ, ಗಂಟೆಗೆ ಅರ್ಧ ಮೈಲಿ ವೇಗದಲ್ಲಿ ತೆವಳುತ್ತಿರುವಾಗಲೇ ಒಂದೊಂದು ಡಬ್ಬಿಯ ತಳದ ಬಾಗಿಲೂ ತಾನಾಗಿ ತೆರೆದು ಸುಮಾರು 32 ಟನ್ ಕಲ್ಲಿದ್ದಲು ಕೆಳಗಿನ ಹೊಂಡಕ್ಕೆ ಸುರಿಯುತ್ತದೆ. "ವೇಗವಾಗಿ ಓಡಿಸೋದು ಯಾರಿಗಾದರೂ ಬರುತ್ತೆ. ಸಾವಿರ ಟನ್ನನ್ನ ಮಗು ಅಂಬೆಗಾಲಿಡೋ ಹಾಗೆ ನಡೆಸೋದು ಕಷ್ಟ" ಅನ್ನುತ್ತಿದ್ದರು.

ನಮ್ಮ ಊರಿನ ಪಕ್ಕದಲ್ಲೇ ಕೆಲಿಂಗ್ಲಿ ಗಣಿ. ಸುತ್ತ ಕೆಲವೇ ಮೈಲಿಗಳಲ್ಲಿ ಫೆರಿಬ್ರಿಡ್ಜ್, ಎಗ್‌ಬರೋ, ಡ್ರಾಕ್ಸ್ ಎಂಬ ಮೂರು ದೈತ್ಯ ವಿದ್ಯುತ್ ಸ್ಥಾವರಗಳು. ಅವುಗಳ ತಂಪುಗೋಪುರಗಳಿಂದ ಏಳುವ ಬಿಳಿ ಹಬೆಯನ್ನು ನೋಡಿ ಊರಿನವರು ಗಾಳಿಯ ದಿಕ್ಕು ಹೇಳುತ್ತಿದ್ದರು. ನಾನು ಹಿರಿಯರಿಂದ ಕಲಿತದ್ದು ಸದ್ದು ಗುರುತಿಸುವುದನ್ನು. ಆಗ ಈ ಗಾಡಿಗಳನ್ನು ಹೆಚ್ಚಾಗಿ ಎಳೆಯುತ್ತಿದ್ದದ್ದು 56ನೇ ವರ್ಗದ, 3250 ಅಶ್ವಶಕ್ತಿಯ ಎಂಜಿನ್‌ಗಳು. ಒಟ್ಟು 135ರಲ್ಲಿ ಮೊದಲ 30 ರುಮೇನಿಯಾದಲ್ಲಿ, ಉಳಿದವು ಡಾನ್‌ಕಾಸ್ಟರ್ ಮತ್ತು ಕ್ರೂ ಕಾರ್ಖಾನೆಗಳಲ್ಲಿ ತಯಾರಾದವು. ಹೊಟ್ಟೆಯಾಳದಿಂದ ಗುಡುಗುವ ಸದ್ದು ಅವುಗಳದ್ದು. ಚಹಾದ ಬಟ್ಟಲು ಕೆಳಗಿಟ್ಟು, ಕಣ್ಣು ಮುಚ್ಚಿ, "ತುಂಬಿದ ಗಾಡಿ" ಅಥವಾ "ಖಾಲಿ" ಎನ್ನುತ್ತಿದ್ದರು. ಒಂದು ಸಲವೂ ತಪ್ಪಿದ್ದಿಲ್ಲ.

ಅಂಥದೇ ಒಂದು ಸಂಜೆ, ಗಾಡಿ ದಾಟಿ ಹೋದ ಮೇಲೆ, ನಾನು ಕೇಳದೆಯೇ ಹೇಳಿದರು. 1984ರ ಮಾರ್ಚಿನಲ್ಲಿ ಶುರುವಾದ ಗಣಿ ಮುಷ್ಕರ ಒಂದು ವರ್ಷ ನಡೆಯಿತು. ಎಷ್ಟೋ ರೈಲು ನೌಕರರು ಗಣಿಗಾರರ ಬೆಂಬಲಕ್ಕೆ ನಿಂತು ಕಲ್ಲಿದ್ದಲು ಸಾಗಿಸಲು ಒಪ್ಪಲಿಲ್ಲ. ಇವರೂ ಒಪ್ಪಿರಲಿಲ್ಲ. ಆದರೆ ಒಂದು ದಿನ, ಮನೆಯ ಕಂತು ಬಾಕಿ, ಹೆಂಡತಿಗೆ ಕಾಯಿಲೆ, ನಾಟಿಂಗ್‌ಹ್ಯಾಮ್‌ಶೈರ್ ಕಡೆಯಿಂದ ಒಂದೇ ಒಂದು ಗಾಡಿ ತಂದರು. ಕೆಲಿಂಗ್ಲಿಯಲ್ಲಿ ದುಡಿಯುತ್ತಿದ್ದ ತಮ್ಮ ಅಂದಿನಿಂದ ಮಾತು ಬಿಟ್ಟ. ಅವನ ಮನೆ ಎರಡೇ ಬೀದಿ ಆಚೆ. "ಖಾಲಿ ಗಾಡಿ ಆಗಿದ್ದರೂ ಆಗ್ತಿತ್ತು" ಅಂದು ಸುಮ್ಮನಾದರು.

ನನ್ನ ಕೆಲಸ ಇನ್ನೊಂದು ಮುಖ ತೋರಿಸುತ್ತಿತ್ತು. ಕ್ಲಿನಿಕ್ಕಿಗೆ ಬರುವ ಹಳೆಯ ಗಣಿಗಾರರ ಎಕ್ಸ್‌ರೇಯಲ್ಲಿ ದೂಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತಿತ್ತು. ಅವರ ಹಣೆಯ ಮೇಲೆ, ಕೈಯ ಮೇಲೆ ನೀಲಿ ಗೆರೆಗಳು. ಗಾಯದೊಳಗೆ ಕಲ್ಲಿದ್ದಲ ಪುಡಿ ಉಳಿದು ಮಾಯ್ದ ಗುರುತು, ಹಚ್ಚೆಯ ಹಾಗೆ. ನಾಲ್ಕು ಹೆಜ್ಜೆಗೆ ಏದುಸಿರು ಬಿಡುವವರನ್ನು ಹಗಲೆಲ್ಲ ನೋಡಿ, ಸಂಜೆ ಆ ಕಲ್ಲಿದ್ದಲ ಗಾಡಿಯ ಸದ್ದಿಗೇ ಕಾಯುತ್ತ ಕೂರುತ್ತಿದ್ದೆ. ನಾಚಿಕೆ ಎನಿಸುತ್ತಿತ್ತು, ಆದರೂ ಕಾಯುತ್ತಿದ್ದೆ.

1998ರಿಂದ 66ನೇ ವರ್ಗದ ಎಂಜಿನ್‌ಗಳು ಕೆನಡಾದಿಂದ ಬರತೊಡಗಿದವು. ಅವಕ್ಕೆ ಇಲ್ಲಿಯ ರೈಲುಪ್ರಿಯರು ಇಟ್ಟ ಅಡ್ಡಹೆಸರು 'ಶೆಡ್', ಅಂದರೆ ತಗಡಿನ ಗುಡಿಸಲು. ಹಿರಿಯರಿಗೆ ಆ ಎರಡು ಸ್ಟ್ರೋಕಿನ ಎಂಜಿನ್ನಿನ ಏಕತಾನದ ಸದ್ದು ಹಿಡಿಸಲಿಲ್ಲ. ನಾನು ಅಷ್ಟರಲ್ಲಿ ಲೀಡ್ಸ್‌ಗೆ ಮನೆ ಬದಲಿಸಿದ್ದೆ. ಕೆಲವು ವರ್ಷಗಳ ನಂತರ ರಜೆಗೆ ಬಂದಾಗ ಹುಬ್ಬಳ್ಳಿ ನಿಲ್ದಾಣದಲ್ಲಿ ನಿಂತಿದ್ದೆ. ಅದಿರಿನ ಗಾಡಿಯೊಂದು ಹೊರಟಿತು. ಕೇಳಿದ ಸದ್ದು! ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಎಂಜಿನ್‌ನದು ಅದೇ ಅಮೆರಿಕನ್ ಕಂಪನಿಯ, ಅದೇ ಕುಲದ ಯಂತ್ರ. ಅದರಲ್ಲಿ 12ರ ಬದಲು 16 ಸಿಲಿಂಡರ್. ತಕ್ಷಣ ನಾಟಿಂಗ್ಲಿಗೆ ಫೋನ್ ಮಾಡಿ, ಏನೂ ಹೇಳದೆ ಮೊಬೈಲನ್ನು ಹಳಿಯ ಕಡೆ ಹಿಡಿದೆ. ಅತ್ತಲಿಂದ ಅವರ ದನಿ: "ಶೆಡ್ಡೇ ಅದು. ಆದರೆ ಸ್ವಲ್ಪ ದೊಡ್ಡದು. ತುಂಬಿದ ಗಾಡಿ. ಎಲ್ಲಿದ್ದೀಯ ನೀನು?"

2015ರ ಡಿಸೆಂಬರ್ 18ರಂದು ಕೆಲಿಂಗ್ಲಿ ಮುಚ್ಚಿತು. ಬ್ರಿಟನ್ನಿನ ಕೊನೆಯ ಆಳದ ಕಲ್ಲಿದ್ದಲು ಗಣಿ ಅದು. ಮುಂದಿನ ವಸಂತದಲ್ಲಿ ಫೆರಿಬ್ರಿಡ್ಜ್ ಸ್ಥಾವರ ನಿಂತಿತು. ಅದೇ ವಸಂತದಲ್ಲಿ ಅವರೂ ಹೋದರು.

ಅಂತ್ಯಕ್ರಿಯೆಗೆ ಜನ ಹೆಚ್ಚಿರಲಿಲ್ಲ. ಕೊನೆಯ ಬೆಂಚಿನಲ್ಲಿ ಒಬ್ಬರೇ ಒಬ್ಬ ಮುದುಕರು ಕೂತಿದ್ದರು. ಹಣೆಯ ಮೇಲೆ ನೀಲಿ ಗೆರೆ. ಪ್ರಾರ್ಥನೆ ಮುಗಿಯುವವರೆಗೂ ಇದ್ದು, ಚಹಾಕ್ಕೆ ನಿಲ್ಲದೆ ಎದ್ದು ಹೋದರು. ಅವರು ಯಾರೆಂದು ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಮೆಟ್ಟಿಲ ಬಳಿ ಕೈಕಂಬಿ ಹಿಡಿದು ಉಸಿರಿಗಾಗಿ ನಿಂತಾಗ ನಾನು ಹತ್ತಿರ ಹೋದೆ. ಬೇಡವೆಂದು ಕೈಯಾಡಿಸಿದರು.

ಲೀಡ್ಸ್‌ಗೆ ಮರಳಲು ನಾಟಿಂಗ್ಲಿ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಡ್ರಾಕ್ಸ್ ಕಡೆಗೆ ಒಂದು ಗಾಡಿ ಹೋಯಿತು. ಅದರಲ್ಲಿ ಇದ್ದದ್ದು ಕಲ್ಲಿದ್ದಲಲ್ಲ, ಹಡಗಿನಲ್ಲಿ ಬಂದ ಮರದ ಪುಡಿಯ ಗುಳಿಗೆಗಳು. ಕಣ್ಣು ಮುಚ್ಚಿ ಕೇಳಿದೆ. ತುಂಬಿದ ಗಾಡಿ ಅನಿಸಿತು. ಸರಿಯೋ ತಪ್ಪೋ ಹೇಳುವವರು ಪಕ್ಕದಲ್ಲಿರಲಿಲ್ಲ.