ನಮ್ಮ ಟೀಮಿಗೆ ಈಗ ಆಫ್ ಸೀಸನ್

ಆಟ ನಡೆಯುತ್ತಿರುವಾಗ ಹಾಕಿ ನೋಡುವುದು ಯಾರಿಗಾದರೂ ಬರುತ್ತದೆ. ಆಟವೇ ಇಲ್ಲದಾಗ ಹಾಕಿಯ ಬಗ್ಗೆ ಮಾತಾಡುವುದಿದೆಯಲ್ಲ, ಅದಕ್ಕೆ ಪುರುಸೊತ್ತು ಬೇಕು, ಪಿಂಚಣಿ ಬೇಕು, ದಿನಾ ಸಂಜೆ ಮನೆಯಿಂದ ಹೊರಬೀಳುವುದಕ್ಕೆ ನೆಪವಾಗಿ ಒಂದಿಷ್ಟು ಸಕ್ಕರೆ ಕಾಯಿಲೆಯೂ ಬೇಕು. ಯಲಹಂಕ ನ್ಯೂಟೌನಿನ ನಮ್ಮ ಪಾರ್ಕಿನ ಬೆಂಚಿನಲ್ಲಿ ಮೂರಕ್ಕೂ ಕೊರತೆಯಿಲ್ಲ. ಗಾಲಿ ಕಾರ್ಖಾನೆಯಲ್ಲಿ ರಿಟೈರಾದ ರಾಯರಿದ್ದಾರೆ. ಮಿಲಿಟರಿಯಿಂದ ಬಂದ, ಕೊಡಗಿನ ಸುಬೇದಾರ್ ಸಾಹೇಬರಿದ್ದಾರೆ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ, ಎಕ್ಸೆಲ್ ಇಲ್ಲದೆ ಹಾಲಿನ ಲೆಕ್ಕವನ್ನೂ ಬರೆಯದ ಹುಡುಗನೊಬ್ಬ ಇದ್ದಾನೆ. ನಾನಿದ್ದೇನೆ. ನಾಲ್ವರಿಗೂ ಒಂದೇ ಟೀಮು, ಬೆಂಗಳೂರಿನ ಹಾಕಿ ಟೀಮು. ಆ ಟೀಮಿಗೆ ಸದ್ಯ ಆಫ್ ಸೀಸನ್. 2012ರ ಏಪ್ರಿಲ್‌ನಲ್ಲಿ ಶುರುವಾದದ್ದು ಇನ್ನೂ ಮುಗಿದಿಲ್ಲ.

ನಗಬೇಡಿ. ಕೆನಡಾ, ಅಮೆರಿಕದ ಐಸ್ ಹಾಕಿಯವರಿಗೆ ಆಫ್ ಸೀಸನ್ ಎಂದರೆ ಒಂದು ಬೇಸಿಗೆ. ಅಷ್ಟರೊಳಗೆ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕೈಬಿಡಬೇಕು, ಯಾರ ಮಂಡಿ ಎಷ್ಟು ಸವೆದಿದೆ ಎಂದೆಲ್ಲ ತೀರ್ಮಾನಿಸಿ ಮುಗಿಸಬೇಕು. ಪಾಪ, ಗಡಿಬಿಡಿಯ ಕೆಲಸ. ನಮಗೆ ಆ ಕಾಟವಿಲ್ಲ.

ಒಂದು ಕಾಲಕ್ಕೆ ನಮಗಿದ್ದ ಟೀಮು ಒಂದಲ್ಲ, ಎರಡು. 2005ರಿಂದ 2008ರವರೆಗೆ ನಡೆದ ಪ್ರೀಮಿಯರ್ ಹಾಕಿ ಲೀಗಿನಲ್ಲಿ ಬೆಂಗಳೂರು ಲಯನ್ಸ್ ಅಂತ ಒಂದು, ಬೆಂಗಳೂರು ಹೈ ಫ್ಲೈಯರ್ಸ್ ಅಂತ ಇನ್ನೊಂದು. ಒಂದೇ ಊರಿಗೆ ಎರಡು ಟೀಮು ಕೊಟ್ಟರೆ ಅಭಿಮಾನಿ ಯಾರ ಕಡೆ ಕೂಗಬೇಕು? ರಾಯರು ಲಯನ್ಸ್ ಕಡೆ, ಅವರ ಭಾಮೈದ ಹೈ ಫ್ಲೈಯರ್ಸ್ ಕಡೆ. ಆ ವರ್ಷಗಳ ಯುಗಾದಿ ಊಟಗಳು ಹೇಗಿದ್ದವು ಎಂಬುದನ್ನು ಅವರ ಮನೆಯವರ ಬಾಯಲ್ಲೇ ಕೇಳಬೇಕು. ಟೀಮುಗಳು ಮಾತ್ರ ಕೈಲಾಗದವಲ್ಲ. 2006ರಲ್ಲಿ ಲಯನ್ಸ್ ಗೆದ್ದರು, 2008ರಲ್ಲಿ ಹೈ ಫ್ಲೈಯರ್ಸ್ ಗೆದ್ದರು. ಅದೇ ವರ್ಷ ಭಾರತ ಒಲಿಂಪಿಕ್ಸಿಗೆ ಅರ್ಹತೆಯನ್ನೇ ಪಡೆಯಲಿಲ್ಲ, ಹಾಕಿ ಫೆಡರೇಷನ್ ಅಮಾನತಾಯಿತು, ಅದರ ಜೊತೆಗೆ ಲೀಗೂ ಹೋಯಿತು. ದೇವನಹಳ್ಳಿಯಲ್ಲಿ ಹೊಸ ಏರ್‌ಪೋರ್ಟ್ ಶುರುವಾದದ್ದೂ ಆ ವರ್ಷದ ಮೇ ತಿಂಗಳಲ್ಲೇ. ಹೈ ಫ್ಲೈಯರ್ಸ್ ಮೊದಲ ವಿಮಾನಕ್ಕೇ ಹತ್ತಿ ಹಾರಿಹೋದರು ಎಂಬುದು ನಮ್ಮ ಬೆಂಚಿನ ಹಳೇ ಜೋಕು. ಈಗ ಯಾರೂ ನಗುವುದಿಲ್ಲ, ಆದರೂ ಹೇಳುತ್ತೇವೆ.

ಆಮೇಲೆ 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ. ಕರ್ನಾಟಕ ಲಯನ್ಸ್ ಎಂಬ ಟೀಮು, ಅರ್ಜುನ್ ಹಾಲಪ್ಪ ಕ್ಯಾಪ್ಟನ್, ಜೂಡ್ ಫೆಲಿಕ್ಸ್ ಕೋಚು. ಸೆಮಿಫೈನಲ್‌ವರೆಗೂ ಬಂದರು. ಏಪ್ರಿಲ್ 2ರಂದು ಶೇರ್-ಎ-ಪಂಜಾಬ್ ಕಪ್ಪು ಎತ್ತಿತು, ನಮ್ಮವರು ಮುಂದಿನ ಸಲ ನೋಡಿಕೊಳ್ಳೋಣ ಎಂದು ಕಿಟ್ ಕಟ್ಟಿದರು. ಮುಂದಿನ ಸಲ ಬರಲೇ ಇಲ್ಲ. ಫೆಡರೇಷನ್ನಿನ ಜಾಗಕ್ಕೆ ಬಂದಿದ್ದ ಹಾಕಿ ಇಂಡಿಯಾದ ಒಪ್ಪಿಗೆಯಿಲ್ಲದೆ ನಡೆದ ಲೀಗದು. ಒಂದೇ ಸೀಸನ್ನಿಗೆ ಬಾಗಿಲು ಹಾಕಿತು. 2013ರಲ್ಲಿ ಹಾಕಿ ಇಂಡಿಯಾ ತನ್ನದೇ ಲೀಗು ತಂದಿತು. ಡೆಲ್ಲಿ, ಪಂಜಾಬ್, ಮುಂಬೈ, ರಾಂಚಿ, ಉತ್ತರ ಪ್ರದೇಶ. ಬೆಂಗಳೂರಿಲ್ಲ. 2017ರಲ್ಲಿ ಅದೂ ನಿಂತು 2024ರ ಕೊನೆಗೆ ಮತ್ತೆ ಎದ್ದಾಗ ಎಂಟು ಟೀಮು. ಹೈದರಾಬಾದ್ ಬಂತು, ತಮಿಳುನಾಡು ಬಂತು. ಆಗಲೂ ಬೆಂಗಳೂರಿಲ್ಲ.

ಆದರೂ ಲೀಗ್ ನಡೆದಾಗಲೆಲ್ಲ ನಮ್ಮ ಬೆಂಚಿನಲ್ಲಿ ಪ್ಲೇಆಫ್ ಲೆಕ್ಕ ತಪ್ಪುವುದಿಲ್ಲ. ಟೀಮಿಲ್ಲದವನಿಗೆ ಆ ಲೆಕ್ಕ ಯಾಕೆ ಅಂತ ನೀವು ಕೇಳಬಹುದು. ಬೆಂಗಳೂರಿನವರಿಗೆ ಲೆಕ್ಕ ಹಾಕದೆ ಇರಲಾಗುವುದಿಲ್ಲ ಸ್ವಾಮಿ. ಹದಿನೆಂಟು ವರ್ಷ ಆರ್‌ಸಿಬಿ ನಮಗೆ ಕಲಿಸಿದ್ದು ಅದೊಂದನ್ನೇ. 2024ರ ಮೇ 18ರಂದು ಚೆನ್ನೈಯನ್ನು ಹದಿನೆಂಟು ರನ್ನಿಂದ ಸೋಲಿಸಿದರೆ ಒಳಗೆ, ಹದಿನೇಳಾದರೆ ಹೊರಗೆ ಎಂಬ ಪರಿಸ್ಥಿತಿಯಲ್ಲಿ ಆರ್.ಟಿ. ನಗರದ ತರಕಾರಿ ಗಾಡಿಯವನೂ ನೆಟ್ ರನ್‌ರೇಟನ್ನು ಮೂರನೇ ದಶಮಾಂಶದವರೆಗೆ ಹೇಳುತ್ತಿದ್ದ. ಇಪ್ಪತ್ತೇಳು ರನ್ನಿಂದ ಗೆದ್ದೆವು. ಕಪ್ಪು ಬಂದದ್ದು ಮುಂದಿನ ವರ್ಷ. ಕಪ್ಪು ಬಂದ ಮೇಲೆ ಲೆಕ್ಕ ಹಾಕುವ ಸುಖ ಅರ್ಧಕ್ಕರ್ಧ ಹೋಯಿತು ಎಂದು ಕೊರಗುವವರು ನಮ್ಮ ಬೆಂಚಿನಲ್ಲೇ ಒಬ್ಬರಿದ್ದಾರೆ. ಹೆಸರು ಬೇಡ.

ಹಾಕಿಯ ಲೆಕ್ಕ ಇದಕ್ಕಿಂತ ರುಚಿ. 2013ರ ಲೀಗನ್ನೇ ನೋಡಿ. ಗೆದ್ದರೆ ಐದು ಪಾಯಿಂಟು, ಡ್ರಾ ಆದರೆ ಎರಡು, ಸೋತರೂ ಎರಡು ಗೋಲಿನೊಳಗೆ ಸೋತರೆ ಒಂದು. ಮರ್ಯಾದೆಯಿಂದ ಸೋತವರಿಗೆ ದಕ್ಷಿಣೆ. ಇದ್ದದ್ದು ಐದು ಟೀಮು, ಸೆಮಿಫೈನಲ್‌ಗೆ ನಾಲ್ಕು. ಅಂದರೆ ಇಡೀ ಲೀಗ್ ನಡೆದದ್ದು ಒಂದು ಟೀಮನ್ನು ಮನೆಗೆ ಕಳಿಸುವುದಕ್ಕೆ. 2016ರಲ್ಲಿ ಇನ್ನೊಂದು ತಮಾಷೆ ಸೇರಿಸಿದರು: ಫೀಲ್ಡ್ ಗೋಲು ಹೊಡೆದರೆ ಎರಡು ಗೋಲೆಂದು ಲೆಕ್ಕ, ಪೆನಾಲ್ಟಿ ಕಾರ್ನರಿನದು ಒಂದೇ. ಫೈನಲ್ಲಿನಲ್ಲಿ ಪಂಜಾಬ್ ವಾರಿಯರ್ಸ್ ಕಳಿಂಗ ಲ್ಯಾನ್ಸರ್ಸನ್ನು 6–1ರಿಂದ ಸೋಲಿಸಿತು. ಆರು ಗೋಲೆಂದರೆ ಚೆಂಡು ಬಲೆಗೆ ಆರು ಸಲ ಹೋಗಿರಬೇಕಾಗಿಲ್ಲ ಎಂಬುದನ್ನು ರಾಯರಿಗೆ ಒಪ್ಪಿಸಲು ನಮ್ಮಿಂದ ಇವತ್ತಿಗೂ ಆಗಿಲ್ಲ. "ಸ್ಕೋರುಬೋರ್ಡೇ ಸುಳ್ಳು ಹೇಳಿದರೆ ಅಂಪೈರು ಯಾಕ್ರೀ ಬೇಕು?" ಅನ್ನುತ್ತಾರೆ. ಆ ಗೆದ್ದ ಟೀಮಿನಲ್ಲಿ ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಇದ್ದ ಎಂದರೆ ಮಾತ್ರ, ಹಾಗಾದರೆ ಸರಿ ಬಿಡಿ, ಆರೇ ಇರಲಿ ಎನ್ನುತ್ತಾರೆ.

ಸ್ವಂತ ಮನೆಯಿಲ್ಲದವರು ಬಾಡಿಗೆಗೆ ಹೋಗುವ ಹಾಗೆ ನಾವೂ ಸೀಸನ್ನಿಗೊಂದು ಟೀಮು ಹಿಡಿಯುತ್ತೇವೆ. ವಿ.ಆರ್. ರಘುನಾಥ್ ಇದ್ದಷ್ಟು ಕಾಲ ಯು.ಪಿ. ವಿಜರ್ಡ್ಸ್ ನಮ್ಮದು. 2013ರ ಹರಾಜಿನಲ್ಲಿ ಅವನಿಗೆ 76,000 ಡಾಲರ್ ಕೊಟ್ಟು ಕೊಂಡರು. ಸರ್ದಾರ್ ಸಿಂಗ್‌ಗೆ ಸಿಕ್ಕಿದ್ದು 78,000. ಎರಡೇ ಸಾವಿರ ಕಮ್ಮಿ! ಲಕ್ನೋ ಎಲ್ಲಿದೆ ಎಂದು ನೆಟ್ಟಗೆ ಹೇಳಲು ಬಾರದವರೂ ಆಗ ಲಕ್ನೋ ಪರವಾಗಿ ಗಂಟಲು ಹರಿದುಕೊಂಡರು. 2025ರ ಫೆಬ್ರುವರಿ 1ರ ಫೈನಲ್‌ಗೆ ನೆರೆಮನೆ ಎಂಬ ಸಲಿಗೆಯಿಂದ ಹೈದರಾಬಾದ್ ತೂಫಾನ್ಸ್ ಹಿಡಿದೆವು. ಬೆಂಗಾಲ್ ಟೈಗರ್ಸಿನ ಜುಗ್‌ರಾಜ್ ಸಿಂಗ್ ಒಬ್ಬನೇ ಮೂರು ಗೋಲು ಹಾಕಿ 4–3ಕ್ಕೆ ಮುಗಿಸಿದ. ಬಾಡಿಗೆ ಟೀಮಾದ್ದರಿಂದ ಸೋತ ರಾತ್ರಿಯೂ ನಿದ್ದೆ ಬಂತು. ಅದೇ ಬೇಸರ.

ಇನ್ನು ನಮ್ಮ ಟೀಮಿನ ಆಯ್ಕೆಯ ವಿಷಯ. ಆಟವೇ ಇಲ್ಲದ ಮೇಲೆ ಆಟಗಾರರ ವಯಸ್ಸೂ ಏರುವಂತಿಲ್ಲ ಎಂದು ಠರಾವು ಮಾಡಿಕೊಂಡಿದ್ದೇವೆ. ಹೀಗಾಗಿ ಯಾವ ಕಾಲದವರನ್ನಾದರೂ ಉಳಿಸಿಕೊಳ್ಳಬಹುದು. ನಿಯಮ ಮಾತ್ರ 2024ರಲ್ಲಿ ಮತ್ತೆ ಎದ್ದ ಲೀಗಿನದೇ: ಜೇಬಿನಲ್ಲಿ ನಾಲ್ಕು ಕೋಟಿ, ಒಟ್ಟು ಇಪ್ಪತ್ತನಾಲ್ಕು ಜನ, ಅದರಲ್ಲಿ ಎಂಟು ವಿದೇಶಿಯರು, ಭಾರತೀಯರಲ್ಲಿ ನಾಲ್ವರು ಜೂನಿಯರ್‌ಗಳು.

ಮೊದಲ ಜಗಳ ಗೋಲ್‌ಕೀಪರುಗಳದ್ದು. ಎ.ಬಿ. ಸುಬ್ಬಯ್ಯ ಇರಬೇಕು ಎನ್ನುತ್ತಾರೆ ಸುಬೇದಾರ್ ಸಾಹೇಬರು, ಊರಿನ ಅಭಿಮಾನ. ನಾನು ಆಶಿಶ್ ಬಲ್ಲಾಳ್ ಕಡೆ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್ಲು, ಕೊರಿಯಾ ಎದುರು 1–1, ಟೈಬ್ರೇಕರ್‌ನಲ್ಲಿ ಬಲ್ಲಾಳ್ ಎರಡು ಸ್ಟ್ರೋಕ್ ತಡೆದದ್ದು ಯಾರಿಗೆ ಮರೆಯುತ್ತದೆ? ಮೂವತ್ತೆರಡು ವರ್ಷದ ಮೇಲೆ ಬಂದ ಚಿನ್ನ ಅದು. ಹುಡುಗ ಮಾತ್ರ 2012ರ ಲಂಡನ್ ಒಲಿಂಪಿಕ್ಸ್ ಕ್ಯಾಪ್ಟನ್ ಭರತ್ ಚೆಟ್ರಿಯ ಹೆಸರು ಎತ್ತಿ ಸುಮ್ಮನಾಗುತ್ತಾನೆ. ಮೂವರನ್ನೂ ಇಟ್ಟುಕೊಂಡರೆ ಇತರರಿಗೆ ದುಡ್ಡು ಸಾಲದು, ಯಾರನ್ನಾದರೂ ಬಿಟ್ಟರೆ ಬೆಂಚು ಒಡೆಯುತ್ತದೆ.

ಎರಡನೆಯದು ಇನ್ನೂ ನಾಜೂಕು: ಬಿ.ಪಿ. ಗೋವಿಂದ. 1973ರ ವಿಶ್ವಕಪ್ ಫೈನಲ್ಲು, ಹಾಲೆಂಡಿನ ಆಮ್ಸ್ಟಲ್‌ವೇನ್ ಊರು, ಭಾರತದ ಕ್ಯಾಪ್ಟನ್ ನಮ್ಮ ಕೊಡಗಿನ ಎಂ.ಪಿ. ಗಣೇಶ್. ಸುರ್ಜಿತ್ ಸಿಂಗ್‌ನ ಎರಡು ಗೋಲಿನಿಂದ ಮುಂದಿದ್ದೆವು, ಹಾಲೆಂಡ್ ಎರಡನ್ನೂ ತೀರಿಸಿತು. ಹೆಚ್ಚುವರಿ ಸಮಯದಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಒಳಗೆ ಹೋದರೆ ವಿಶ್ವಕಪ್ಪು. ಹೊಡೆದವರು ಗೋವಿಂದ. ಹೋಗಲಿಲ್ಲ. ಟೈಬ್ರೇಕರಿನಲ್ಲಿ ಸೋತು ಬೆಳ್ಳಿ ಹಿಡಿದು ಬಂದರು. ಈಗಿನ ಕಾಲವಾಗಿದ್ದರೆ ಅವತ್ತು ರಾತ್ರಿಯೇ ಅವರನ್ನು ಕೈಬಿಡಿ ಎಂದು ಊರೆಲ್ಲ ಬೊಬ್ಬೆ ಎದ್ದಿರುತ್ತಿತ್ತು. ಆಗಿನವರು ಬಿಡಲಿಲ್ಲ. 1975ರಲ್ಲಿ ಕ್ವಾಲಾಲಂಪುರದಲ್ಲಿ ಭಾರತ ವಿಶ್ವಕಪ್ ಗೆದ್ದಾಗ ಗೋವಿಂದ ಆ ತಂಡದಲ್ಲಿದ್ದರು. ಈ ಕಥೆಯನ್ನು ಸುಬೇದಾರ್ ಸಾಹೇಬರು ಹೇಳುವಾಗ ಪ್ರತಿ ಸಲವೂ ಎದ್ದು ನಿಂತು, ಕೊಡೆಯನ್ನೇ ಸ್ಟಿಕ್ ಮಾಡಿ, ಸ್ಟ್ರೋಕ್ ಎತ್ತ ಹೋಗಬೇಕಿತ್ತು ಎಂದು ತೋರಿಸುತ್ತಾರೆ. ಕೊಡೆ ತಪ್ಪಿಸಿಕೊಳ್ಳಲು ಬೆಂಚಿನ ಆ ತುದಿಯವರಿಗೆ ಅಭ್ಯಾಸವಾಗಿದೆ.

ಸಾಹೇಬರಿಗೆ ಈ ರಿಟೇನು, ರಿಲೀಸುಗಳೇ ಅಸಹ್ಯ. ಅವರ ಪ್ರಕಾರ ನಿಜವಾದ ಹಾಕಿ ಎಂದರೆ ಕೊಡವ ಕುಟುಂಬಗಳ ಟೂರ್ನಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದಾಗ ಅರವತ್ತು ಕುಟುಂಬ. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡದವರು ನಡೆಸಿದಾಗ 360 ಟೀಮು ಸೇರಿ ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್ಪಿಗೆ 396. ಅಲ್ಲಿ ಟೀಮು ಎಂದರೆ ಮನೆತನ. ಹರಾಜಿಲ್ಲ, ವರ್ಗಾವಣೆಯಿಲ್ಲ. ಅಜ್ಜಿ, ಮೊಮ್ಮಗ, ಒಲಿಂಪಿಯನ್ ಎಲ್ಲ ಒಂದೇ ಜರ್ಸಿ. ಸೋತರೆ ಮನೆಗೆ, ಆದ್ದರಿಂದ ಗೋಲ್ ಅಂತರದ ಗೋಜಿಲ್ಲ. "ಫಾರ್ಮ್ ಹೋಯಿತೂಂತ ಚಿಕ್ಕಪ್ಪನ್ನ ರಿಲೀಸ್ ಮಾಡೋಕೆ ಆಗುತ್ತೇನ್ರೀ?" ಎನ್ನುತ್ತಾರೆ. ರಾಯರು ತಮ್ಮ ಭಾಮೈದನನ್ನು ನೆನೆಸಿಕೊಂಡು, ಅಂಥದೊಂದು ಅವಕಾಶ ಇದ್ದಿದ್ದರೆ ಚೆನ್ನಾಗಿತ್ತು ಎಂದರು.

ಇಷ್ಟೆಲ್ಲ ಆಗಿ ಹದಿನಾರು ಭಾರತೀಯರಲ್ಲಿ ಹನ್ನೆರಡು ಹೆಸರು ಸುಲಭವಾಗಿ ತುಂಬಿತು: ಸೋಮಯ್ಯ, ಜೂಡ್ ಫೆಲಿಕ್ಸ್, ಲೆನ್ ಅಯ್ಯಪ್ಪ, ಹಾಲಪ್ಪ, ರಘುನಾಥ್, ಸುನಿಲ್, ಉತ್ತಪ್ಪ, ನಿಕಿನ್ ತಿಮ್ಮಯ್ಯ, ಹೀಗೆ. ನಾಲ್ವರು ಜೂನಿಯರ್‌ಗಳ ಹತ್ತಿರ ಬಂದಾಗ ಎಲ್ಲರೂ ಮೊಬೈಲು ನೋಡಿಕೊಂಡೆವು. ಹುಡುಗನ ಎಕ್ಸೆಲ್‌ನಲ್ಲಿ ಆ ನಾಲ್ಕು ಚೌಕ ಖಾಲಿಯೇ ಇವೆ. 2016ರ ರಿಯೋ ತಂಡದಲ್ಲಿ ನಮ್ಮವರು ನಾಲ್ವರಿದ್ದರು. ಟೋಕಿಯೊದಲ್ಲಿ ಕಂಚು ಬಂದಾಗ ಒಬ್ಬರೂ ಇಲ್ಲ, ಪ್ಯಾರಿಸ್ಸಿನಲ್ಲಿ ಕಂಚು ಬಂದಾಗಲೂ ಒಬ್ಬರೂ ಇಲ್ಲ. ಆ ಎರಡೂ ತಂಡ ತಯಾರಾದದ್ದೋ ನಮ್ಮೂರಿನ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲೇ. ಜ್ಞಾನಭಾರತಿ ಕಡೆ ಬೆವರು ಸುರಿಸಿ, ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಹಾಕಿಕೊಂಡು, ಹೆಬ್ಬಾಳ ದಾಟಿ, ಯಲಹಂಕದ ಮೇಲೆ ಏರ್‌ಪೋರ್ಟಿಗೆ ಹೋಗಿ ಪದಕ ತಂದಿರುತ್ತಾರೆ. ನಮ್ಮ ಪಾಲಿಗೆ ಬಂದದ್ದು ಬಸ್ಸಿನ ಹೊಗೆ.

ಮೊದಲು ಸ್ಟಿಕ್ ಹಿಡಿದವನಿಗೆ ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ಎಚ್‌ಎಎಲ್, ಐಟಿಐಯಲ್ಲೋ ಒಂದು ಕೆಲಸ ಖಾತ್ರಿಯಿತ್ತು, ಈಗ ಅದಿಲ್ಲವಲ್ಲ ಎಂಬುದು ರಾಯರ ವಾದ. ಇರಬಹುದು. ಆದರೆ ಹನ್ನೆರಡು ವರ್ಷದ ಹುಡುಗ ಕೆಲಸಕ್ಕಾಗಿ ಆಟ ಹಿಡಿಯುವುದಿಲ್ಲ, ತನ್ನ ಊರಿನ ಹೆಸರಿರುವ ಜರ್ಸಿಯನ್ನು ಟೀವಿಯಲ್ಲಿ ನೋಡಿ ಹಿಡಿಯುತ್ತಾನೆ. ನಮ್ಮ ಪಾರ್ಕಿನಲ್ಲಿ ಬೋರ್ಡಿಗೂ ವಾಚ್‌ಮನ್‌ಗೂ ಹೆದರದೆ ಆಡುವ ಮಕ್ಕಳ ಬೆನ್ನ ಮೇಲೆ ಹದಿನೆಂಟು ಎಂದಿದೆ, ಹತ್ತು ಎಂದಿದೆ. ಸುನಿಲ್‌ನ ನಂಬರ್ ಎಷ್ಟು ಎಂದು ಕೇಳಿದರೆ ಯಾವ ಸುನಿಲ್ ಅಂಕಲ್ ಎನ್ನುತ್ತವೆ.

ಕ್ಯಾಪ್ಟನ್ ಯಾರು ಎಂಬುದಂತೂ ಬಗೆಹರಿಯುವ ಲಕ್ಷಣವಿಲ್ಲ. ಗಣೇಶ್, ಸೋಮಯ್ಯ, ಫೆಲಿಕ್ಸ್, ಚೆಟ್ರಿ ಎಲ್ಲರೂ ಭಾರತದ ಕ್ಯಾಪ್ಟನ್ ಆಗಿದ್ದವರೇ. ಉಪನಾಯಕನ ಹುದ್ದೆಯನ್ನು ಮೂರಕ್ಕೇರಿಸೋಣ, ಭಿನ್ನಮತ ಎದ್ದರೆ ಎಲ್ಲರನ್ನೂ ದೇವನಹಳ್ಳಿ ಕಡೆಯ ರೆಸಾರ್ಟಿಗೆ ಸಾಗಿಸೋಣ ಎಂದು ನಾನು ಸೂಚಿಸಿದೆ. ಅದಕ್ಕೆ ಮಾತ್ರ ಸರ್ವಾನುಮತ. ಎಂಟು ವಿದೇಶಿಯರ ಮಾತು ಹುಡುಗ ತೆಗೆಯುವಷ್ಟರಲ್ಲಿ ರಾಯರು, ಮೊದಲು ಹೋಂ ಗ್ರೌಂಡು ಎಲ್ಲಿ ಅಂತ ಹೇಳಿ ಎಂದು ತಡೆದರು. ಶಾಂತಿನಗರದ ಕಾರ್ಯಪ್ಪ ಸ್ಟೇಡಿಯಂ ಇದೆಯಲ್ಲ, ಇನ್ನೆಲ್ಲಿ ಎಂದೆ.

"ಶಾಂತಿನಗರವೇ? ಸಾಯಂಕಾಲ ಆರಕ್ಕೆ ಮ್ಯಾಚು ಅಂದರೆ ಇಲ್ಲಿಂದ ಮೂರಕ್ಕೇ ಹೊರಡಬೇಕು. ನಮ್ಮ ಟೀಮು ಪ್ಲೇಆಫ್‌ಗೆ ಬಂದರೆ ಯಲಹಂಕದಲ್ಲಿ ಆಡಲಿ. ಇಲ್ಲದಿದ್ದರೆ ಲೀಗಿನಲ್ಲೇ ಸೋತುಬಿಡಲಿ ಕಣ್ರೀ."