ಭಿವಂಡಿಯಲ್ಲಿ ತಮ್ಮನ ಎಂಟು ತಿಂಗಳು

ಬ್ಯಾಂಕ್ ನೌಕರಿಯಲ್ಲಿ ವರ್ಗಾವಣೆ ಅನ್ನುವುದು ಹಣೆಬರಹದ ಇನ್ನೊಂದು ಹೆಸರು. ಎಂ.ಕಾಂ. ಮುಗಿಸಿ ನೌಕರಿ ಸೇರಿದ ನನಗೆ 1991ರಲ್ಲಿ ಭಿವಂಡಿ ಶಾಖೆ ಬಂತು. ಮೂರು ವರ್ಷಕ್ಕೆಂದು ಬಂದವನು ನಡುವೆ ಠಾಣೆ, ಕಲ್ಯಾಣ, ವಾಶಿ ಎಲ್ಲ ಸುತ್ತಿದೆ. ಮನೆ ಮಾತ್ರ ಬದಲಿಸಲಿಲ್ಲ. 2019ರಲ್ಲಿ ನಿವೃತ್ತನಾದ ಮೇಲೂ ಇಲ್ಲೇ ಇದ್ದೇನೆ. ಊರ ಕಡೆಯ ಹಿರಿಯರಿಗೆ ಭಿವಂಡಿ ಎಂದರೆ 1970 ಮತ್ತು 1984ರ ಗಲಭೆಗಳ ನೆನಪು. ಈಗಿನ ಹುಡುಗರಿಗೆ ಆನ್‌ಲೈನ್ ಸಾಮಾನು ಹೊರಡುವ ಗೋದಾಮುಗಳ ಊರು. ನಮಗೆ ಅದು ಪವರ್‌ಲೂಮ್ ಸದ್ದು. ಹಗಲು ರಾತ್ರಿ ಖಟ್ ಖಟ್ ಖಟ್. ಹೊಸಬರಿಗೆ ತಲೆನೋವು, ಹಳಬರಿಗೆ ಜೋಗುಳ.

ಈ ಊರಿನಲ್ಲಿ ಕರಡಿ ಇಲ್ಲ. ಆದರೂ ನಮ್ಮ ಬಳಗದಲ್ಲಿ ಭಿವಂಡಿಯ ಹೆಸರೆತ್ತಿದರೆ ಕರಡಿಯ ಮಾತು ಬಂದೇ ಬರುತ್ತದೆ. ಅದಕ್ಕೆ ನನ್ನ ತಮ್ಮ ಕಾರಣ.

ನಮ್ಮದು ಬಳ್ಳಾರಿ ಜಿಲ್ಲೆಯ ಕಂಪ್ಲಿ ಮತ್ತು ದರೋಜಿ ನಡುವಿನ ಸಣ್ಣ ಹಳ್ಳಿ. ಹಂಪಿಯಿಂದ ಶುರುವಾದ ಬಂಡೆಗುಡ್ಡಗಳು ಅಲ್ಲಿಯವರೆಗೂ ಬಂದಿವೆ. ಯಾರೋ ಪೇರಿಸಿಟ್ಟು ಮರೆತು ಹೋದಂತಹ ಆ ಗುಂಡುಗಳ ಸಂದುಗಳಲ್ಲಿ ಕರಡಿಗಳು ಹಗಲು ಮಲಗುತ್ತವೆ, ಹೊತ್ತು ಇಳಿದ ಮೇಲೆ ಹೊರಡುತ್ತವೆ. ಗೆದ್ದಲು, ಇರುವೆ, ಜೇನು, ಬಾರೆಹಣ್ಣು, ಕವಳೆಹಣ್ಣು ಅವುಗಳ ಊಟ. ಮೇಲ್ದವಡೆಯ ಮುಂದಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿನಿಂದಲೇ ಗೆದ್ದಲನ್ನು ಎಳೆದುಕೊಳ್ಳುತ್ತವೆ. ರಾತ್ರಿ ಹೊಲದಲ್ಲಿ ಮಲಗಿದವರಿಗೆ ಆ ಸೊರ್ ಸೊರ್ ಶಬ್ದ ಬಹಳ ದೂರಕ್ಕೂ ಕೇಳುತ್ತದೆ. ಶೇಂಗಾ, ಮೆಕ್ಕೆಜೋಳ ಕಾಯಿ ಕಟ್ಟಿದರೆ ಹೊಲಕ್ಕೂ ಇಳಿಯುತ್ತವೆ. ನಾನು ಚಿಕ್ಕಂದಿನಲ್ಲಿ ಏಳೆಂಟು ಸಲವಾದರೂ ಕರಡಿ ನೋಡಿದ್ದೇನೆ. ಒಮ್ಮೆ ಬೆನ್ನ ಮೇಲೆ ಎರಡು ಮರಿ ಹೊತ್ತ ತಾಯಿ ನಮ್ಮ ಬದುವಿನ ಮೇಲೇ ನಡೆದು ಹೋಯಿತು. ಅಪ್ಪ ನನ್ನ ಭುಜ ಅದುಮಿ ಹಿಡಿದು ನಿಂತಿದ್ದರು. ಅದಕ್ಕೆ ಕಣ್ಣು ಮಂದ, ಮೂಗು ಚುರುಕು. ಏಕಾಏಕಿ ಎದುರಾದರೆ ಮಾತ್ರ ಬಿಡುವುದಿಲ್ಲ ಎನ್ನುತ್ತಿದ್ದರು. ಹಾಗಾಗಿ ಅವರು ನಸುಕಿನಲ್ಲಿ ಹೊಲಕ್ಕೆ ಹೋಗುವಾಗ ಕೆಮ್ಮುತ್ತಾ, ಕೋಲು ಕುಟ್ಟುತ್ತಾ, ಕೆಟ್ಟ ರಾಗದಲ್ಲಿ ಭಜನೆ ಹೇಳುತ್ತಾ ಹೋಗುವರು.

ಕಲಂದರರು ಕುಣಿಸುವ ಕರಡಿಯೂ ಊರಿಗೆ ಬರುತ್ತಿತ್ತು. ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸಿದರೆ ಅಂಜಿಕೆ ಹೋಗುತ್ತದೆಂದು ನಂಬಿಕೆ. ಅವ್ವ ನಾಲ್ಕಾಣೆ ಕೊಟ್ಟು ತಮ್ಮನನ್ನು ಕೂರಿಸಿದ್ದಳು, ಕರಡಿಕೂದಲಿನ ತಾಯತವನ್ನೂ ಕಟ್ಟಿಸಿದ್ದಳು. ಮೂಗಿಗೆ ಹಗ್ಗ ಪೋಣಿಸಿದ್ದ ಆ ಬಡಪ್ರಾಣಿಯ ಪಾಡು ಆಗ ನಮಗಾರಿಗೂ ಹೊಳೆದಿರಲಿಲ್ಲ. ಕಾನೂನು 1972ರಿಂದ ಇದ್ದರೂ ಆ ಆಟ ನಿಲ್ಲಲು 2009 ಆಗಬೇಕಾಯಿತು. ಕೊನೆಯ ಕುಣಿತದ ಕರಡಿಯನ್ನು ಆ ವರ್ಷ ಬನ್ನೇರುಘಟ್ಟದ ಆಶ್ರಯಧಾಮಕ್ಕೆ ಸೇರಿಸಿದರು.

1994ರಲ್ಲಿ ಸರ್ಕಾರ ಬಿಳಿಕಲ್ಲು ಕಾಯ್ದಿಟ್ಟ ಅರಣ್ಯದ ಸುಮಾರು 5,587 ಹೆಕ್ಟೇರನ್ನು ದರೋಜಿ ಕರಡಿಧಾಮವೆಂದು ಘೋಷಿಸಿತು. 2009ರಲ್ಲಿ ಬುಕ್ಕಸಾಗರದ ಕಾಡೂ ಅದಕ್ಕೆ ಸೇರಿತು. ಒಳ್ಳೆಯ ಕೆಲಸ. ಆದರೆ ನಕ್ಷೆಯ ಗೆರೆ ಕರಡಿಗೆ ಗೊತ್ತಿಲ್ಲ. ಕಾಡಿನ ಅಂಚಿಗೂ ನಮ್ಮ ಹೊಲಗಳ ನಡುವೆಯೂ ಬಳ್ಳಾರಿ ಜಾಲಿ ಹಬ್ಬಿಕೊಂಡಿದೆ. ಹಗಲು ಅಡಗುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಯಾವ ಪ್ರಾಣಿಗೆ ಬೇಕು?

2003ರ ಜನವರಿ. ತ್ರೀ ಫೇಸ್ ಕರೆಂಟು ಕೊಡುತ್ತಿದ್ದದ್ದು ರಾತ್ರಿ. ನಾಡಿನ ಅರ್ಧ ರೈತರು ಹಾವು ಚೇಳು ತುಳಿಯುವುದು ಪಂಪ್‌ಸೆಟ್ ಚಾಲೂ ಮಾಡಲು ಹೋಗುವಾಗಲೇ; ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನಸುಕಿನ ನಾಲ್ಕಕ್ಕೆ ತಮ್ಮ ಬ್ಯಾಟರಿ ಹಿಡಿದು ಹೊರಟ. ಅಪ್ಪನ ಭಜನೆ ಅವನಿಗೆ ಬರುತ್ತಿರಲಿಲ್ಲ. ಮೋಟಾರಿನ ಗುಡಿಸಲಿನ ಹಿಂದೆ ತಾಯಿಕರಡಿ ಮರಿಗಳೊಂದಿಗೆ ಹುತ್ತ ಕೆದರುತ್ತಿತ್ತು.

"ಮದ್ಲು ವಾಸ್ನಿ ಬಂತಣ್ಣಾ. ಆಮ್ಯಾಲೆ ಎದ್ದು ನಿಂತಿದ್ದು ಕಂಡ್ತು. ಅಷ್ಟೇ ನೋಡು" ಎಂದು ಅವನು ಹೇಳುತ್ತಿದ್ದ. ಎಷ್ಟು ಹೊತ್ತು ನಡೆಯಿತೋ ಅವನಿಗೆ ತಿಳಿಯದು. ಕರಡಿ ಮುಖಕ್ಕೇ ಕೈ ಹಾಕುತ್ತದೆ, ಬೆರಳುದ್ದದ ಉಗುರು. ಎಡಗಣ್ಣು ಹೋಯಿತು, ಕೆನ್ನೆಯ ಎಲುಬು ಮುರಿಯಿತು, ನೆತ್ತಿಯ ಚರ್ಮ ಕಿತ್ತು ಬಂತು. ಟವೆಲ್ಲಿನಿಂದ ಮುಖ ಬಿಗಿದುಕೊಂಡು ರಸ್ತೆಯವರೆಗೆ ತಾನೇ ನಡೆದು ಬಂದ. ಬೆಳಗಿನ ಹಾಲಿನ ಗಾಡಿಯವನು ಬಳ್ಳಾರಿಗೆ ಮುಟ್ಟಿಸಿದ.

ಫೋನು ಬಂದಾಗ ನಾನು ಶಾಖೆಯಲ್ಲಿದ್ದೆ. ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಗುಂತಕಲ್ಲಿನಲ್ಲಿ ಇಳಿದು ಬಳ್ಳಾರಿಗೆ ಹೋದೆ. ಅಲ್ಲಿನ ವೈದ್ಯರು ಗಾಯ ತೊಳೆದು, ರೇಬಿಸ್ ಮತ್ತು ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟಿದ್ದರು. ಕರಡಿ ಉಗುರಿನ ಗಾಯದಲ್ಲಿ ಮಣ್ಣು, ಕೊಳೆ ಆಳಕ್ಕೆ ಹೋಗಿರುತ್ತದಂತೆ. ಆತುರಕ್ಕೆ ಹೊಲಿದುಬಿಟ್ಟರೆ ಒಳಗೆ ಕೀವಾಗುತ್ತದೆ. ಅದನ್ನು ಅವರು ಸಾವಧಾನವಾಗಿ ನನಗೆ ವಿವರಿಸಿದರು. ಮುಂದಿನದಕ್ಕೆ ದೊಡ್ಡ ಊರೇ ಬೇಕೆಂದರು. ಫೆಬ್ರುವರಿಯಲ್ಲಿ ತಮ್ಮನನ್ನು ಭಿವಂಡಿಗೆ ಕರೆತಂದೆ.

ಒಂದು ಬೆಡ್‌ರೂಮಿನ ಮನೆ. ನಾನು, ಹೆಂಡತಿ, ಏಳು ವರ್ಷದ ಮಗಳು, ಈಗ ಅವನು. ಮುಂಬಯಿಯ ದೊಡ್ಡ ಆಸ್ಪತ್ರೆಯಲ್ಲಿ ಎಂಟು ತಿಂಗಳಲ್ಲಿ ನಾಲ್ಕು ಶಸ್ತ್ರಚಿಕಿತ್ಸೆಗಳಾದವು. ಕೆನ್ನೆಗೆ ಲೋಹದ ಪಟ್ಟಿ ಕೂಡಿಸಿದರು. ತೊಡೆಯ ಚರ್ಮ ತೆಗೆದು ನೆತ್ತಿಗೆ ಹಾಕಿದರು. "ತೊಡಿ ಮ್ಯಾಲಿಂದು ತಲಿಗೆ ಬಂತು, ನನಗ ಬಡ್ತಿ ಸಿಕ್ತು ನೋಡಣ್ಣಾ, ನಿಮ್ಮ ಬ್ಯಾಂಕಿನಾಗ ಸಿಕ್ಕಾಂಗ" ಎಂದ. ಅವನು ನಕ್ಕದ್ದು ಅದೇ ಮೊದಲು. ನಗುವಾಗ ಹೊಲಿಗೆ ಜಗ್ಗಿ ನೋವಾಗುತ್ತಿತ್ತು.

ನೋವಿನದು ಒಂದು ಲೆಕ್ಕ, ಹೆದರಿಕೆಯದು ಇನ್ನೊಂದು. ಭಿವಂಡಿಯಲ್ಲಿ ಎಮ್ಮೆಯ ತಬೇಲಾಗಳು ಬಹಳ. ಒಂದು ಸಂಜೆ ಗಲ್ಲಿಯ ತಿರುವಿನಲ್ಲಿ ಕತ್ತಲಲ್ಲಿ ಮಲಗಿದ್ದ ಎಮ್ಮೆಯೊಂದು ಉಸ್ಸೆಂದು ಎದ್ದು ನಿಂತಿತು. ಮೂವತ್ತೈದು ವರ್ಷ ಎಮ್ಮೆ ಮೇಯಿಸಿದ ರೈತ ಅಲ್ಲೇ ಕುಸಿದು ಕೂತ. ಜೂನಿನಲ್ಲಿ ಮಳೆ ಹಿಡಿದಾಗ ಕಲ್ಯಾಣ ನಾಕಾದಲ್ಲಿ ಯಾರೋ ಪಟ್ಟನೆ ಕರಿ ಕೊಡೆ ಬಿಚ್ಚಿದರು. ಅವನು ನನ್ನ ತೋಳು ಹಿಡಿದ ಬಿಗಿಗೆ ಉಗುರಿನ ಗುರುತು ಮೂಡಿತ್ತು. ರಾತ್ರಿ ಗೋಡೆಗೆ ಬೆನ್ನು ಹಚ್ಚಿ ಕೂತೇ ನಿದ್ದೆ ಮಾಡುತ್ತಿದ್ದ. ವಿಚಿತ್ರವೆಂದರೆ ಮಗ್ಗದ ಸದ್ದು ಅವನಿಗೆ ಹಿತವಾಯಿತು. ಕರೆಂಟು ಹೋಗಿ ಓಣಿ ಥಟ್ಟನೆ ಸುಮ್ಮನಾದರೆ ಎಚ್ಚರವಾಗಿ, "ಏನಾತು, ಏನಾತು" ಎನ್ನುತ್ತಿದ್ದ. ಸದ್ದಿದ್ದ ಕಡೆ ಕರಡಿ ಬರೋದಿಲ್ಲ ಎಂಬ ಅಪ್ಪನ ಪಾಠ ಮೈಯೊಳಗೆ ಇಳಿದಿತ್ತೋ ಏನೋ.

ಅವನನ್ನು ಮೇಲಕ್ಕೆತ್ತಿದ್ದರಲ್ಲಿ ನನ್ನ ಪಾಲು ಖರ್ಚಿನದಷ್ಟೇ. ನಿಜವಾದ ಕೆಲಸ ಮಾಡಿದವರು ಪದ್ಮನಗರದ ತೆಲುಗರು. ಅಲ್ಲಿ ವಾರಂಗಲ್, ಕರೀಂನಗರದ ಕಡೆಯಿಂದ ಬಂದ ಪದ್ಮಶಾಲಿ ನೇಕಾರರು ಸಾವಿರಾರು ಜನ ಇದ್ದಾರೆ. ಬಳ್ಳಾರಿ ಕಡೆಯವರಿಗೆ ತೆಲುಗು ಬೇರೆ ಕಲಿಸಬೇಕಿಲ್ಲ. ಮರಾಠಿ, ಹಿಂದಿ ಬಾರದೆ ಮೂಲೆ ಹಿಡಿದಿದ್ದ ತಮ್ಮ ಒಂದು ದಿನ ಚಹಾದಂಗಡಿಯ ಮುಂದೆ ತೆಲುಗು ಕೇಳಿ ನಿಂತ. ಬಿಡುವಿನಲ್ಲಿದ್ದ ನೇಕಾರರೊಬ್ಬರು ಅವನ ಮುಖವನ್ನು ನೇರವಾಗಿ ನೋಡಿ, "ಎಲುಗುಬಂಟಾ?" ಎಂದು ಕೇಳಿದರಂತೆ. ತೆಲುಗಿನಲ್ಲಿ ಕರಡಿಗೆ ಹಾಗೆನ್ನುತ್ತಾರೆ. ಅವರ ಸೋದರಮಾವನಿಗೂ ಊರ ಗುಡ್ಡದಲ್ಲಿ ಹೀಗೇ ಆಗಿತ್ತಂತೆ. ಕಟ್ಟಡದ ಜನ ನೋಡಿಯೂ ನೋಡದಂತೆ ಮುಖ ತಿರುಗಿಸುತ್ತಿದ್ದರು; ಕೆಲವರು ಆಸಿಡ್ ಬಿದ್ದದ್ದೇ ಎಂದು ನನ್ನ ಹೆಂಡತಿಯ ಹತ್ತಿರ ಪಿಸುಗುಟ್ಟಿದ್ದರು. ಗಾಯದ ಹೆಸರನ್ನು ಸರಿಯಾಗಿ ಹೇಳಿದವರು ಅವರೊಬ್ಬರೇ. ಮರುದಿನದಿಂದ ತಮ್ಮ ತಾನಾಗಿಯೇ ಅವರ ಕಾರಖಾನೆಗೆ ಹೋಗಿ ಕೂರತೊಡಗಿದ. ಆಮೇಲೆ ಹರಿದ ಎಳೆ ಗಂಟು ಹಾಕುವುದನ್ನೂ ಕಲಿತ, ಒಂದೇ ಕಣ್ಣಿನಲ್ಲಿ.

ಅವನು ಚೇತರಿಸಿಕೊಂಡದ್ದನ್ನು ನಾವು ಅಳೆದದ್ದು ರೊಟ್ಟಿಯಿಂದ. ಐದು ತಿಂಗಳು ಜೋಳದ ಗಂಜಿ, ನುಚ್ಚು, ಹಿಸುಕಿದ ಅನ್ನ. ಜುಲೈನ ಒಂದು ಮಧ್ಯಾಹ್ನ, "ಅತ್ತಿಗಿ, ಇವತ್ತು ರೊಟ್ಟಿ ಬಡೀರಿ" ಎಂದ. ಒಂದು ರೊಟ್ಟಿಯನ್ನು ಶೇಂಗಾ ಚಟ್ನಿ ಜೊತೆ ತಿನ್ನಲು ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಹೆಂಡತಿ ಒಲೆ ಆರಿಸದೆ ಎದುರಿಗೇ ಕೂತಿದ್ದಳು.

ಮಗಳು ಅವನ ಮುಖಕ್ಕೆ ಎರಡೇ ದಿನದಲ್ಲಿ ಹೊಂದಿಕೊಂಡಳು. ಮಕ್ಕಳೇ ವಾಸಿ. "ಕಾಕಾ, ಆ ಕರಡಿ ಮರೀನ ಏನೂ ಮಾಡಲಿಲ್ಲ ತಾನೇ ನೀನು?" ಎಂದು ಕೇಳಿದಳು. ಅವನು ಬಹಳ ಹೊತ್ತು ಯೋಚಿಸಿ, "ಇಲ್ಲವ್ವಾ. ಅದಕ್ಕ ಗೊತ್ತಿರಲಿಲ್ಲ" ಎಂದ.

ಊರಿಗೆ ಮರಳುವ ವಿಷಯಕ್ಕೆ ನಮ್ಮಿಬ್ಬರಿಗೆ ಜಗಳವಾಯಿತು. ಅಂಜೂರು ಫಾಟಾದ ಕಡೆ ಗೋದಾಮುಗಳು ಏಳುತ್ತಿದ್ದವು. ಹೊಲ ಲಾವಣಿಗೆ ಕೊಟ್ಟು ಕಾವಲುಗಾರನ ಕೆಲಸಕ್ಕೆ ಸೇರು, ಹೆಂಡತಿ ಮಕ್ಕಳನ್ನೂ ಕರೆಸೋಣ ಎಂದೆ. ಆ ಸಲಹೆ ಸರಿಯಾಗಿತ್ತೆಂದೇ ಈಗಲೂ ನನ್ನ ಅಭಿಪ್ರಾಯ. ಅವನು, "ರಾತ್ರಿ ಕಾಯಾದ ಆದ್ರ ನಮ್ಮ ಹೊಲಾನ ಕಾಯ್ತೀನಿ ಬಿಡು" ಎಂದ. ಅಕ್ಟೋಬರಿನಲ್ಲಿ ಹೊರಟೇಬಿಟ್ಟ. ಪದ್ಮನಗರದಿಂದ ನಾಲ್ಕು ಜನ ಕಲ್ಯಾಣ ಸ್ಟೇಷನ್ನಿಗೆ ಬಂದು ಒಂದು ಜೊತೆ ಧೋತರ ಕೊಟ್ಟು ಕಳಿಸಿದರು.

ಮರುವರ್ಷ, 2004ರಲ್ಲಿ, ಬೋರಿವಲಿಯ ರಾಷ್ಟ್ರೀಯ ಉದ್ಯಾನದ ಸುತ್ತ ಚಿರತೆಗಳು ಅನೇಕರನ್ನು ಕೊಂದವು. ಪತ್ರಿಕೆ ತುಂಬ ಅದೇ ಸುದ್ದಿ. ತಮ್ಮ ಫೋನಿನಲ್ಲಿ, "ನಿಮ್ಮಲ್ಲಿ ಆದ್ರ ಪೇಪರಿನಾಗ ಬರ್ತೈತಿ" ಎಂದ. ನನ್ನ ಹತ್ತಿರ ಉತ್ತರವಿರಲಿಲ್ಲ.

ಅವನೀಗ ಕೋಲಿಗೆ ಎತ್ತಿನ ಗೆಜ್ಜೆ ಕಟ್ಟಿಕೊಂಡಿದ್ದಾನೆ. ಹೊಲಕ್ಕೆ ಹೋಗುವಾಗ ಮೊಬೈಲಿನಲ್ಲಿ ಹಾಡು ಜೋರಾಗಿ ಹಾಕುತ್ತಾನೆ. ಬದುವಿನ ಜಾಲಿಯನ್ನು ವರ್ಷಕ್ಕೆರಡು ಸಲ ಸವರಿಸುತ್ತಾನೆ. ಅರಣ್ಯ ಇಲಾಖೆಯ ಪರಿಹಾರ ಬಂದದ್ದನ್ನು ಮಗನ ಓದಿಗೆ ಇಟ್ಟ. ಒಮ್ಮೆ ಮೊಮ್ಮಗನನ್ನು ಕರೆದುಕೊಂಡು ಊರಿಗೆ ಹೋದಾಗ ಕರಡಿಧಾಮದ ವೀಕ್ಷಣಾ ಗೋಪುರಕ್ಕೆ ಹೋದೆವು; ಬೇಡ ಎಂದರೂ ಅವನು ಜೊತೆಗೆ ಬಂದ. ಎದುರಿನ ಬಂಡೆಗೆ ಸಿಬ್ಬಂದಿ ಬೆಲ್ಲದ ಪಾಕ ಸವರಿದ್ದರು. ಸಂಜೆ ಒಂದು ಕರಡಿ ಇಳಿದು ಬಂತು. ಪ್ರವಾಸಿಗರೆಲ್ಲ ಫೋಟೋಕ್ಕೆ ಮುಗಿಬಿದ್ದರು. ತಮ್ಮ ದುರ್ಬೀನನ್ನು ಬಲಗಣ್ಣಿಗೆ ಹಿಡಿದು ತುಂಬಾ ಹೊತ್ತು ನೋಡಿ, "ಬಡಕ ಆಗೇತಿ" ಎಂದು ಮೊಮ್ಮಗನ ಕೈಗೆ ಕೊಟ್ಟ.

ಹೋದ ವಾರ ಫೋನು ಮಾಡಿದ್ದ. ಶೇಂಗಾ ಪರವಾಗಿಲ್ಲವಂತೆ, ಕೊನೆಯ ಎರಡು ಸಾಲು ಕರಡಿ ಕಿತ್ತಿವೆಯಂತೆ. "ಒಂದು ಚೀಲ ಉದ್ಯಾನಕ್ಕ ಹಾಕಿ ಕಳಸ್ತೀನಿ, ಕಲ್ಯಾಣಕ್ಕ ಬಂದು ಇಳಿಸ್ಕೊ. ಅರ್ಧ ಪದ್ಮನಗರಕ್ಕ ಕೊಡು, ಮರೀಬ್ಯಾಡ" ಎಂದ.